ಹುಲ್ಲು ಬೆಳೆದರೆ ಮನೆಗೇ ಕುತ್ತು: ಅಮೆರಿಕದ ಅಶಕ್ತ ಮನೆಮಾಲೀಕರಿಗೆ ನೆರವು ಎಲ್ಲಿದೆ?

ಫ್ಲಾರಿಡಾ ರಾಜ್ಯದ ಡನೀಡಿನ್ ಎಂಬ ಕಡಲತೀರದ ಪುಟ್ಟ ನಗರದ ಆಡಳಿತವು 2018ರ ಬೇಸಿಗೆಯಲ್ಲಿ ತನ್ನ ನಿವಾಸಿಯೊಬ್ಬರಿಗೆ ದಿನಕ್ಕೆ 500 ಡಾಲರಿನಂತೆ ದಂಡ ವಿಧಿಸತೊಡಗಿತು. ಅವರು ಮಾಡಿದ ಅಪರಾಧವೆಂದರೆ ಮನೆಯಂಗಳದ ಹುಲ್ಲು ನಿಯಮ ಮೀರಿ ಬೆಳೆಯಲು ಬಿಟ್ಟದ್ದು. ಅರವತ್ತು ದಾಟಿದ್ದ ಆ ನಿವೃತ್ತರು ಆಗ ಊರಿನಲ್ಲಿರಲಿಲ್ಲ. ಗತಿಸಿದ ತಾಯಿಯ ಆಸ್ತಿಪಾಸ್ತಿಯ ವಿಲೇವಾರಿಗೆಂದು ಬೇರೆ ರಾಜ್ಯಕ್ಕೆ ತೆರಳಿದ್ದರು. ಹುಲ್ಲು ಕತ್ತರಿಸಲೆಂದು ಹಣ ಕೊಟ್ಟು ಒಪ್ಪಿಸಿದ್ದ ಗೆಳೆಯ ಅಷ್ಟರಲ್ಲಿ ಅನಿರೀಕ್ಷಿತವಾಗಿ ಮೃತಪಟ್ಟಿದ್ದ. ಎರಡು ತಿಂಗಳು ತುಂಬುವುದರೊಳಗೆ ದಂಡದ ಮೊತ್ತ ಸುಮಾರು 29 ಸಾವಿರ ಡಾಲರಿಗೆ ಏರಿತು. ಅದನ್ನು ಪಾವತಿಸಲಾಗದಿದ್ದಾಗ, 2019ರಲ್ಲಿ ನಗರಾಡಳಿತವು ಮನೆಯನ್ನೇ ವಶಪಡಿಸಿಕೊಳ್ಳುವ ಪ್ರಕ್ರಿಯೆಗೆ ಒಪ್ಪಿಗೆ ನೀಡಿತು. ಪ್ರಕರಣ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿತು. 2021ರಲ್ಲಿ ಕೆಳ ನ್ಯಾಯಾಲಯವೂ 2022ರಲ್ಲಿ ಮೇಲ್ಮನವಿ ನ್ಯಾಯಾಲಯವೂ ನಗರದ ಪರವಾಗಿಯೇ ತೀರ್ಪಿತ್ತವು. ದಂಡವು ರಾಜ್ಯದ ಶಾಸನ ಅನುಮತಿಸಿದ ಮಿತಿಯೊಳಗೇ ಇದೆ, ಆದ್ದರಿಂದ ಅದು ವಿಪರೀತವಲ್ಲ ಎಂಬುದು ಆ ತೀರ್ಪುಗಳ ಸಾರ.

ಹಸುರು ಹುಲ್ಲಿನ ಒಂದು ತುಣುಕು ನೆಲಕ್ಕಾಗಿ ಇಷ್ಟೊಂದು ರಾದ್ಧಾಂತವೇ ಎಂದು ನಮ್ಮ ಓದುಗರಿಗೆ ಅಚ್ಚರಿಯೆನಿಸಬಹುದು. ಆದರೆ ಅಮೆರಿಕದ ಲಕ್ಷಾಂತರ ವೃದ್ಧರಿಗೆ, ಅಂಗವಿಕಲರಿಗೆ, ಒಂಟಿ ತಾಯಂದಿರಿಗೆ ಇದು ಅಚ್ಚರಿಯ ವಿಷಯವಲ್ಲ. ಏಪ್ರಿಲ್ ತಿಂಗಳಿನಿಂದ ಅಕ್ಟೋಬರ್‌ವರೆಗೆ ವಾರವಾರವೂ ಎದುರಾಗುವ ಚಿಂತೆಯಿದು. ಸ್ವಂತ ಮನೆ ಇದ್ದವರೆಲ್ಲ ಅನುಕೂಲಸ್ಥರು ಎಂಬ ಎಣಿಕೆ ಅಲ್ಲಿ ಹುಸಿಯಾಗುತ್ತದೆ. ಮನೆಯ ಸಾಲ ತೀರಿದೆ, ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಕಸುವಿಲ್ಲ; ಹುಲ್ಲು ಮಾತ್ರ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಇಂಥವರಿಗೆ ಉಚಿತವಾಗಿ ಅಥವಾ ಕೈಗೆಟುಕುವ ದರದಲ್ಲಿ ನೆರವು ದೊರೆಯುವುದೇ? ದೊರೆಯುವುದಾದರೆ ಎಲ್ಲಿ? ದೊರೆಯದಿದ್ದರೆ ದೋಷ ಯಾರದು? ಈ ಪ್ರಶ್ನೆಗಳು ತೋಟಗಾರಿಕೆಗಷ್ಟೇ ಸಂಬಂಧಿಸಿದವಲ್ಲ. ಸಮಾಜವೊಂದು ತನ್ನ ಅಭಿರುಚಿಯನ್ನು ಕಾನೂನಾಗಿಸಿದಾಗ ಅದರ ವೆಚ್ಚವನ್ನು ಯಾರು ಭರಿಸಬೇಕು ಎಂಬ ಮೂಲಭೂತ ವಿಚಾರ ಇದರಲ್ಲಿ ಅಡಗಿದೆ.

ಅಲಂಕಾರ ಕರ್ತವ್ಯವಾದ ಬಗೆ

ಹುಲ್ಲುಹಾಸು ಮೂಲತಃ ಇಂಗ್ಲೆಂಡಿನ ಜಮೀನುದಾರರ ವೈಭವದ ಕುರುಹು. ಕುರಿಗಳು ಮೇಯ್ದೋ ಆಳುಗಳು ಕುಡುಗೋಲು ಹಿಡಿದು ಸವರಿಯೋ ಅದನ್ನು ಸಮವಾಗಿ ಇಡಬೇಕಿತ್ತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬ ಆಂಗ್ಲ ಯಂತ್ರಜ್ಞ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ ಮೇಲೆ ಆ ವೈಭವ ಮಧ್ಯಮವರ್ಗದ ಕೈಗೂ ಎಟುಕಿತು. ಎರಡನೆಯ ಮಹಾಯುದ್ಧದ ಬಳಿಕ, 1947ರಲ್ಲಿ ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡಿನಲ್ಲಿ ಲೆವಿಟ್‌ಟೌನ್ ಬಡಾವಣೆಯ ನಿರ್ಮಾಣ ಆರಂಭವಾಯಿತು. ಸಾಲುಸಾಲಾಗಿ ಎದ್ದ ಸಾವಿರಾರು ಮನೆಗಳಿಗೆ ಒಂದೇ ಬಗೆಯ ಹಸುರು ಅಂಗಳ. ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕೆಂಬುದು ಅಲ್ಲಿನ ಕರಾರುಗಳಲ್ಲಿ ಒಂದಾಗಿತ್ತು. ಕರಿಯರಿಗೆ ಆ ಬಡಾವಣೆಯಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಅಂಗಳದ ಅಚ್ಚುಕಟ್ಟು ಮತ್ತು ನೆರೆಹೊರೆಯ 'ಮರ್ಯಾದೆ' ಎರಡೂ ಒಂದೇ ಮನೋಧರ್ಮದಿಂದ ಹುಟ್ಟಿದವು.

ಇಂದು ಅಮೆರಿಕದಲ್ಲಿ ಹುಲ್ಲುಹಾಸು ಆವರಿಸಿರುವ ನೆಲದ ಪ್ರಮಾಣ ದಂಗುಬಡಿಸುವಂಥದ್ದು. ಉಪಗ್ರಹ ಚಿತ್ರಗಳನ್ನು ಆಧರಿಸಿ 2005ರಲ್ಲಿ ಪ್ರಕಟವಾದ ನಾಸಾ ಸಂಶೋಧಕರ ಅಧ್ಯಯನದ ಪ್ರಕಾರ ಅದು ಒಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, ಎಂದರೆ ಕರ್ನಾಟಕದ ವಿಸ್ತೀರ್ಣದ ಅರ್ಧಕ್ಕಿಂತ ಅಧಿಕ. ನೀರಾವರಿಯಲ್ಲಿ ಬೆಳೆಯುವ ಯಾವ ಬೆಳೆಯೂ, ಮುಸುಕಿನ ಜೋಳವೂ ಸಹ, ಅಲ್ಲಿ ಇಷ್ಟು ನೆಲವನ್ನು ಆಕ್ರಮಿಸಿಲ್ಲ. ತಿನ್ನಲು ಬಾರದ, ಮಾರಲು ಬಾರದ ಈ ಬೆಳೆಯ ಕಟಾವು ಮಾತ್ರ ಕಡ್ಡಾಯ.

ಕಡ್ಡಾಯ ಎರಡು ದಿಕ್ಕಿನಿಂದ ಬರುತ್ತದೆ. ಮೊದಲನೆಯದು ನಗರಾಡಳಿತದ ನಿಯಮ. ಊರಿಂದೂರಿಗೆ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ ಹುಲ್ಲು 6ರಿಂದ 12 ಅಂಗುಲ ಮೀರಬಾರದು. ಮೀರಿದರೆ ನೋಟಿಸ್; ಅದಕ್ಕೂ ಮಣಿಯದಿದ್ದರೆ ನಗರಾಡಳಿತವೇ ಗುತ್ತಿಗೆದಾರನನ್ನು ಕಳುಹಿಸಿ ಹುಲ್ಲು ಕತ್ತರಿಸಿ ಬಿಲ್ಲು ಕಳುಹಿಸುತ್ತದೆ; ಬಿಲ್ಲು ಬಾಕಿ ಉಳಿದರೆ ಅದು ಆಸ್ತಿಯ ಮೇಲಿನ ಋಣವಾಗಿ ದಾಖಲಾಗುತ್ತದೆ. ಎರಡನೆಯದು ಮನೆಮಾಲೀಕರ ಸಂಘಗಳ ಕಟ್ಟಳೆ. ಅಮೆರಿಕದಲ್ಲಿ ಏಳು ಕೋಟಿಗೂ ಹೆಚ್ಚು ಜನ ಇಂಥ ಸಂಘಗಳ ವ್ಯಾಪ್ತಿಯ ಬಡಾವಣೆಗಳಲ್ಲಿ ಅಥವಾ ವಸತಿ ಸಮುಚ್ಚಯಗಳಲ್ಲಿ ವಾಸಿಸುತ್ತಿದ್ದಾರೆಂಬುದು ಆ ಕ್ಷೇತ್ರದ ಸಂಸ್ಥೆಗಳ ಅಂದಾಜು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ಕಾನೂನಿನ ರೂಪ ತಾಳಿದೆ.

ಪಿಂಚಣಿದಾರನ ಲೆಕ್ಕ

ಸಾಧಾರಣ ಗಾತ್ರದ ಅಂಗಳದ ಹುಲ್ಲನ್ನು ಒಮ್ಮೆ ಕತ್ತರಿಸಲು ಅನೇಕ ಊರುಗಳಲ್ಲಿ 40ರಿಂದ 60 ಡಾಲರ್ ತೆರಬೇಕಾಗುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕತ್ತರಿಸಿದರೆ ತಿಂಗಳಿಗೆ 200 ಡಾಲರಿನ ಆಸುಪಾಸು. ನಿವೃತ್ತ ಕೆಲಸಗಾರರಿಗೆ ಸಾಮಾಜಿಕ ಭದ್ರತಾ ಯೋಜನೆಯಡಿ ದೊರೆಯುವ ಸರಾಸರಿ ಮಾಸಿಕ ಮೊತ್ತ 2025ರ ಜನವರಿಯಲ್ಲಿ 1,976 ಡಾಲರ್ ಆಗಿತ್ತು. ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಹುಲ್ಲಿಗೇ ಸಲ್ಲಬೇಕು. ಔಷಧ, ವಿಮೆ, ಆಸ್ತಿ ತೆರಿಗೆ, ವಿದ್ಯುತ್ತು ಇವೆಲ್ಲ ಆಮೇಲಿನ ಮಾತು. 65 ದಾಟಿದವರ ಸಂಖ್ಯೆ ಅಲ್ಲಿ 2024ರಲ್ಲಿಯೇ 6 ಕೋಟಿ ಮೀರಿತ್ತು. ಆ ವಯೋಮಾನದವರ ಕುಟುಂಬಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಸ್ವಂತ ಮನೆಯಲ್ಲಿಯೇ ಇವೆ. ಆದ್ದರಿಂದ ಈ ಸಮಸ್ಯೆ ಅಲ್ಲೊಂದು ಇಲ್ಲೊಂದು ಮನೆಗೆ ಸೀಮಿತವಲ್ಲ.

ದರವನ್ನು ಇಳಿಸಬಾರದೇಕೆ ಎಂದರೆ ಅದಕ್ಕೂ ಸುಲಭದ ಉತ್ತರವಿಲ್ಲ. ಹುಲ್ಲು ಕತ್ತರಿಸುವ ಕೆಲಸ ನಿಂತಿರುವುದೇ ವಲಸೆ ಕಾರ್ಮಿಕರ ಬೆವರಿನ ಮೇಲೆ. ಕೃಷಿಯೇತರ ಹಂಗಾಮಿ ಕೆಲಸಗಾರರಿಗೆ ನೀಡುವ ಎಚ್-2ಬಿ ವೀಸಾಗಳಿಗೆ ಶಾಸನಬದ್ಧವಾಗಿರುವ ವಾರ್ಷಿಕ ಮಿತಿ 66 ಸಾವಿರ. ಅದರ ಅತಿ ದೊಡ್ಡ ಪಾಲು ಹೋಗುವುದು ಅಂಗಳ ನಿರ್ವಹಣೆಯ ಉದ್ಯಮಕ್ಕೇ. ದಾಖಲೆಪತ್ರಗಳಿಲ್ಲದೆ ದುಡಿಯುವವರ ಸಂಖ್ಯೆಯೂ ಈ ರಂಗದಲ್ಲಿ ದೊಡ್ಡದು. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ಮತ್ತು ಸುತ್ತಮುತ್ತ ವಲಸೆ ಅಧಿಕಾರಿಗಳ ಕಾರ್ಯಾಚರಣೆ ಬಿರುಸುಗೊಂಡಾಗ ಕೆಲಸದಲ್ಲಿ ತೊಡಗಿದ್ದ ಮಾಲಿಗಳೂ ಬಂಧನಕ್ಕೊಳಗಾದರು. ಯಂತ್ರಗಳ ವಿಚಾರದಲ್ಲಿಯೂ ಹೊಸ ಹೊರೆ ಬಿದ್ದಿದೆ. ಸಣ್ಣ ಪೆಟ್ರೋಲ್ ಎಂಜಿನುಗಳ ಹೊಸ ಉಪಕರಣಗಳ ಮಾರಾಟಕ್ಕೆ ತಡೆ ಹಾಕುವ ಕಾನೂನನ್ನು ಕ್ಯಾಲಿಫೋರ್ನಿಯಾ 2021ರಲ್ಲಿ ಅಂಗೀಕರಿಸಿತು; 2024ರ ಮಾದರಿಗಳಿಂದ ಅದು ಅನ್ವಯವಾಯಿತು. ಪೆಟ್ರೋಲಿನಲ್ಲಿ ನಡೆಯುವ ವೃತ್ತಿನಿರತರ ಹುಲ್ಲು ಯಂತ್ರವೊಂದು ಒಂದು ತಾಸಿನಲ್ಲಿ ಉಗುಳುವ ಹೊಗೆ, ಕಾರೊಂದು 300 ಮೈಲಿ ಓಡಿದಾಗ ಹೊಮ್ಮುವ ಹೊಗೆಗೆ ಸಮ ಎಂಬುದು ಆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಲೆಕ್ಕ. ಕ್ರಮ ಸರಿಯಾದದ್ದೇ; ಸಣ್ಣ ಗುತ್ತಿಗೆದಾರರಿಗೆಂದು 3 ಕೋಟಿ ಡಾಲರ್ ಸಹಾಯಧನವನ್ನೂ ರಾಜ್ಯ ತೆಗೆದಿರಿಸಿತು. ಆದರೂ ಬ್ಯಾಟರಿ ಚಾಲಿತ ಯಂತ್ರಗಳ ಬೆಲೆಯ ಬಿಸಿ ಕೊನೆಗೆ ತಟ್ಟುವುದು ಮಾಲಿಗೆ ಇಲ್ಲವೇ ಗ್ರಾಹಕನಿಗೆ. ಹೀಗಾಗಿ ವೃದ್ಧೆಯ ಕೈಗೆಟುಕುವ ದರಕ್ಕಾಗಿ ಬಡ ಮಾಲಿಯ ಕೂಲಿಯನ್ನು ಕಡಿತಗೊಳಿಸಬೇಕೆಂದು ಹೇಳುವುದು ನ್ಯಾಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ. ನೆರವು ಬೇರೆಡೆಯಿಂದಲೇ ಬರಬೇಕು.

ಸರ್ಕಾರದ ಬಾಗಿಲು

ಅಂಥ ನೆರವಿಗೆ ಕಾನೂನಿನ ಆಧಾರವಿದೆ ಎಂಬುದು ಬಹುತೇಕ ಅಮೆರಿಕನ್ನರಿಗೇ ತಿಳಿಯದು. 1965ರಲ್ಲಿ ಜಾರಿಗೆ ಬಂದ ಹಿರಿಯ ಅಮೆರಿಕನ್ನರ ಕಾಯ್ದೆಯಡಿ 60 ವರ್ಷ ತುಂಬಿದವರಿಗೆ ನಾನಾ ಸೇವೆಗಳನ್ನು ಒದಗಿಸಲಾಗುತ್ತದೆ. ಮನೆಬಾಗಿಲಿಗೆ ಊಟ ತಲುಪಿಸುವ ಕಾರ್ಯಕ್ರಮ ಎಲ್ಲರಿಗೂ ಪರಿಚಿತ. ಅದೇ ಕಾಯ್ದೆಯಡಿ ಮನೆಯ ಭಾರೀ ಕೆಲಸಗಳ ನೆರವು ಎಂಬ ಇನ್ನೊಂದು ಸೇವೆಯೂ ಇದೆ. ಮನೆಯ ಶ್ರಮದ ಸ್ವಚ್ಛತೆ, ಅಂಗಳದ ಕೆಲಸ, ಕಾಲುದಾರಿಯ ನಿರ್ವಹಣೆ ಇದರ ವ್ಯಾಪ್ತಿಗೆ ಬರುತ್ತವೆ. 1973ರ ತಿದ್ದುಪಡಿಯ ನಂತರ ದೇಶದಾದ್ಯಂತ ಸ್ಥಾಪನೆಗೊಂಡ, ಇಂದು 600ಕ್ಕೂ ಹೆಚ್ಚಿರುವ ಪ್ರಾದೇಶಿಕ ವೃದ್ಧಾಪ್ಯ ಸಂಸ್ಥೆಗಳು ಈ ಸೇವೆಗಳ ಉಸ್ತುವಾರಿ ಹೊತ್ತಿವೆ. ಇದಕ್ಕೆ ಆದಾಯ ಪ್ರಮಾಣಪತ್ರ ಕಡ್ಡಾಯವಲ್ಲ. ಆದರೆ ಆರ್ಥಿಕವಾಗಿ, ಸಾಮಾಜಿಕವಾಗಿ ಹೆಚ್ಚು ಕಷ್ಟದಲ್ಲಿರುವವರಿಗೆ ಆದ್ಯತೆ ನೀಡಬೇಕೆಂಬುದು ಕಾಯ್ದೆಯ ಆಶಯ.

ಈ ಬಾಗಿಲನ್ನು ತಟ್ಟುವ ದಾರಿ ಎರಡು. ಫೆಡರಲ್ ಸರ್ಕಾರದ ನೆರವಿನಿಂದ ನಡೆಯುವ ಎಲ್ಡರ್‌ಕೇರ್ ಲೊಕೇಟರ್ ಸೇವೆಯ ಶುಲ್ಕರಹಿತ ದೂರವಾಣಿ 1-800-677-1116ಕ್ಕೆ ಕರೆ ಮಾಡಿದರೆ ಆಯಾ ಪ್ರದೇಶದ ವೃದ್ಧಾಪ್ಯ ಸಂಸ್ಥೆಯ ವಿವರ ದೊರೆಯುತ್ತದೆ. ಇನ್ನೊಂದು, 2000ದಲ್ಲಿ ಸಾಮಾಜಿಕ ಸೇವೆಗಳ ಮಾಹಿತಿಗೆಂದೇ ಮೀಸಲಾದ 211 ಸಂಖ್ಯೆ. ವಯಸ್ಸಿನ ಮಿತಿಯಿಲ್ಲದೆ ಯಾರೂ ಅದನ್ನು ಬಳಸಬಹುದು. ಕರೆ ಮಾಡುವವರು ಕೇವಲ 'ಹುಲ್ಲು ಕತ್ತರಿಸಬೇಕು' ಎಂದರೆ ಖಾಸಗಿ ಕಂಪನಿಗಳ ಪಟ್ಟಿಯಷ್ಟೇ ಸಿಕ್ಕೀತು. 'ಚೋರ್ ಸರ್ವಿಸ್' ಎಂಬ ಆಡಳಿತದ ಪದವನ್ನೇ ಬಳಸಿ ಕೇಳುವುದು ಫಲಕಾರಿ. ಕಚೇರಿಗಳ ಭಾಷೆಯಲ್ಲಿ ಕೇಳಿದವನಿಗೆ ಕಚೇರಿ ಬೇಗ ತೆರೆದುಕೊಳ್ಳುತ್ತದೆ ಎಂಬುದು ಬೆಂಗಳೂರಿಗಷ್ಟೇ ಅನ್ವಯಿಸುವ ಸತ್ಯವಲ್ಲ.

ಕೆಲವು ನಗರಾಡಳಿತಗಳು ತಾವಾಗಿಯೇ ಮುಂದೆ ಬಂದಿವೆ. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ವೃದ್ಧಾಪ್ಯ ವಿಭಾಗವು ಹಿರಿಯರ ಮತ್ತು ಅಂಗವಿಕಲರ ಅಂಗಳದ ಹುಲ್ಲು ಕತ್ತರಿಸುವ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನಗರವು 2020ರಲ್ಲಿ 'ಸಿಟಿ ಕಟ್ಸ್' ಹೆಸರಿನಲ್ಲಿ ಕಡಿಮೆ ಆದಾಯದ ವೃದ್ಧರು, ಅಂಗವಿಕಲರು ಹಾಗೂ ಮಾಜಿ ಸೈನಿಕರಿಗಾಗಿ ಇಂಥದೇ ಉಚಿತ ಸೇವೆಯನ್ನು ಆರಂಭಿಸಿತು. ನೋಟಿಸ್ ಕಳುಹಿಸಿ, ದಂಡ ಹೇರಿ, ಕಡತ ಬೆಳೆಸಿ, ಕೊನೆಗೆ ತಾನೇ ಗುತ್ತಿಗೆದಾರನನ್ನು ಅಟ್ಟುವ ಬದಲು ಮೊದಲೇ ಹುಲ್ಲು ಕತ್ತರಿಸಿಕೊಡುವುದು ನಗರಕ್ಕೂ ಜಾಣತನ.

ಆದರೆ ಮಿತಿಗಳನ್ನು ಮರೆಮಾಚುವಂತಿಲ್ಲ. ಸಾಮಾಜಿಕ ಭದ್ರತೆಯ ಪಿಂಚಣಿಯಂತೆ ಇದು ಹಕ್ಕಲ್ಲ. ಬಜೆಟ್ಟಿನಲ್ಲಿ ನೀಡಿದಷ್ಟು ಹಣ ಮುಗಿಯುವವರೆಗಷ್ಟೇ ಸೇವೆ. ಊಟ, ಆಸ್ಪತ್ರೆಗೆ ವಾಹನ ಮೊದಲಾದ ತುರ್ತುಗಳ ಮುಂದೆ ಹುಲ್ಲಿನ ಸರದಿ ಸಹಜವಾಗಿಯೇ ಕಡೆಗೆ. ಹೀಗಾಗಿ ಕಾಯುವವರ ಪಟ್ಟಿ ಉದ್ದ. ಜೂನ್‌ನಲ್ಲಿ ಅರ್ಜಿ ಹಾಕಿದವರಿಗೆ ಆ ವರ್ಷದ ಹುಲ್ಲಿಗೆ ನೆರವು ಸಿಗುವುದು ಅನುಮಾನ. ಚಳಿಗಾಲ ಮುಗಿಯುವ ಮುನ್ನವೇ, ಫೆಬ್ರವರಿ-ಮಾರ್ಚ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರಿಗೆ ಅವಕಾಶ ಹೆಚ್ಚು.

ನೆರೆಮನೆಯ ಕೈಗಳು

ಸರ್ಕಾರ ತಲುಪದ ಕಡೆ ಸ್ವಯಂಸೇವೆ ತಲುಪಿದ ಉದಾಹರಣೆಗಳು ಹಲವು. ಬರ್ಮುಡಾ ಮೂಲದ ರಾಡ್ನಿ ಸ್ಮಿತ್ ಜೂನಿಯರ್ ಎಂಬ ತರುಣ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಓದುತ್ತಿದ್ದಾಗ, 2015ರಲ್ಲಿ ವೃದ್ಧರೊಬ್ಬರು ಹುಲ್ಲು ಕತ್ತರಿಸಲು ಏದುಸಿರು ಬಿಡುತ್ತಿದ್ದುದನ್ನು ಕಂಡು ನೆರವಾದರು. ಅಲ್ಲಿಂದ ಹುಟ್ಟಿದ ಅವರ ಸಂಸ್ಥೆ ಇಂದು ವೃದ್ಧರು, ಅಂಗವಿಕಲರು, ಒಂಟಿ ಪೋಷಕರು ಹಾಗೂ ಮಾಜಿ ಸೈನಿಕರ ಅಂಗಳಗಳನ್ನು ಉಚಿತವಾಗಿ ಸವರಿಕೊಡಲು ಮಕ್ಕಳನ್ನು ಹುರಿದುಂಬಿಸುತ್ತಿದೆ. ಐವತ್ತು ಅಂಗಳಗಳನ್ನು ಪೂರೈಸುವ ಪಣ ತೊಟ್ಟ ಮಕ್ಕಳಿಗೆ ಪ್ರತಿ ಹತ್ತು ಅಂಗಳಕ್ಕೊಂದು ಬೇರೆ ಬಣ್ಣದ ಅಂಗಿ; ಐವತ್ತು ಮುಗಿದಾಗ ಹುಲ್ಲು ಕತ್ತರಿಸುವ ಯಂತ್ರವೇ ಬಹುಮಾನ. ಕರಾಟೆಯ ಪಟ್ಟಿಯಂತೆ ಬಣ್ಣ ಬದಲಾಗುವ ಈ ಉಪಾಯ ಮಕ್ಕಳಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ಮಿತ್ ಅವರು 2017ರಲ್ಲಿ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಸಂಚರಿಸಿ ಉಚಿತವಾಗಿ ಹುಲ್ಲು ಕತ್ತರಿಸಿ ಬಂದರು.

ಸೇನೆಯಲ್ಲಿರುವವರ ಕುಟುಂಬಗಳಿಗಾಗಿ ಪ್ರಾಜೆಕ್ಟ್ ಎವರ್‌ಗ್ರೀನ್ ಸಂಸ್ಥೆಯು 2006ರಲ್ಲಿ 'ಗ್ರೀನ್‌ಕೇರ್ ಫಾರ್ ಟ್ರೂಪ್ಸ್' ಎಂಬ ಕಾರ್ಯಕ್ರಮವನ್ನು ಹುಟ್ಟುಹಾಕಿತು. ಮನೆಯ ದುಡಿಯುವ ಕೈ ದೂರದ ರಣರಂಗದಲ್ಲಿದ್ದಾಗ ಅಂಗಳದ ಚಿಂತೆಯನ್ನು ಸ್ಥಳೀಯ ಗುತ್ತಿಗೆದಾರರೇ ಉಚಿತವಾಗಿ ವಹಿಸಿಕೊಳ್ಳುವಂತೆ ಅದು ಹೊಂದಿಸಿಕೊಡುತ್ತದೆ. ಇವಲ್ಲದೆ ಚರ್ಚುಗಳು, ಸ್ಕೌಟ್ ದಳಗಳು, ಸಮುದಾಯ ಸೇವೆಯ ತಾಸುಗಳನ್ನು ಪೂರೈಸಬೇಕಾದ ಪ್ರೌಢಶಾಲಾ ವಿದ್ಯಾರ್ಥಿಗಳು ಅನೇಕ ಊರುಗಳಲ್ಲಿ ಈ ಕೆಲಸಕ್ಕೆ ಮುಂದಾಗುತ್ತಾರೆ.

ಶಕ್ತಿಯಿದ್ದು ಯಂತ್ರ ಕೊಳ್ಳಲಾಗದವರಿಗೆ ಇನ್ನೊಂದು ವ್ಯವಸ್ಥೆಯಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಸಾರ್ವಜನಿಕ ಗ್ರಂಥಾಲಯವು 1979ರಿಂದ ಪುಸ್ತಕಗಳಂತೆಯೇ ಉಪಕರಣಗಳನ್ನೂ ಎರವಲು ಕೊಡುತ್ತಿದೆ. ಅದೇ ಮಾದರಿಯ ಉಪಕರಣ ಗ್ರಂಥಾಲಯಗಳು ಈಗ ಅನೇಕ ನಗರಗಳಲ್ಲಿವೆ. ವರ್ಷಕ್ಕೆ ಕೆಲವೇ ತಿಂಗಳು ಬೇಕಾಗುವ ಯಂತ್ರವನ್ನು ಮನೆಮನೆಯೂ ಕೊಳ್ಳಬೇಕೆಂಬ ನಿಯಮವೇನಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ವೃದ್ಧರ ಅಸಹಾಯಕತೆಯನ್ನೇ ಬಂಡವಾಳವಾಗಿಸಿಕೊಳ್ಳುವವರೂ ಇದ್ದಾರೆ. ಇಡೀ ಹಂಗಾಮಿನ ಹಣವನ್ನು ಮುಂಗಡವಾಗಿ ಪಡೆದು ನಾಪತ್ತೆಯಾಗುವುದು, ಕೇಳದ ಔಷಧ ಸಿಂಪಡಿಸಿ ಬಿಲ್ಲು ನೀಡುವುದು ಇವರ ವರಸೆ. ಕೆಲಸ ಮುಗಿದ ಮೇಲೆಯೇ ಹಣ, ಬಾಯಿಮಾತಿನ ಬದಲು ಬರಹದ ಒಪ್ಪಂದ, ಯಂತ್ರದಿಂದ ಗಾಯವಾದರೆ ಹೊಣೆ ಹೊರುವ ವಿಮೆ ಗುತ್ತಿಗೆದಾರನಿಗಿದೆಯೇ ಎಂಬ ವಿಚಾರಣೆ — ಈ ಮೂರನ್ನು ಪಾಲಿಸಿದರೆ ಮೋಸದ ಸಾಧ್ಯತೆ ಬಹಳಷ್ಟು ಕಡಿಮೆಯಾಗುತ್ತದೆ.

ಕೆಲಸವನ್ನೇ ತಗ್ಗಿಸುವ ದಾರಿ

ನೆರವು ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಹುಲ್ಲನ್ನು ತೀರ ಗಿಡ್ಡಗೆ ಕತ್ತರಿಸುವುದೇ ಬಹುತೇಕ ಮನೆಗಳಲ್ಲಿ ಖರ್ಚಿಗೆ ಮೂಲ. ಮೂರರಿಂದ ನಾಲ್ಕು ಅಂಗುಲ ಎತ್ತರ ಉಳಿಸಿ, ಒಂದು ಬಾರಿಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ಬೇರು ಆಳಕ್ಕಿಳಿಯುತ್ತದೆ, ನೆಲ ಬೇಗ ಒಣಗುವುದಿಲ್ಲ, ಕಳೆಗೆ ಬಿಸಿಲು ದಕ್ಕುವುದಿಲ್ಲ. ತಂಪು ಹವೆಯ ಪ್ರದೇಶಗಳ ಬಹುತೇಕ ತಳಿಗಳಿಗೆ ಈ ಸೂತ್ರ ಹೊಂದುತ್ತದೆ. ಕತ್ತರಿಸಿದ ಚೂರುಗಳನ್ನು ಅಲ್ಲಿಯೇ ಬಿಟ್ಟರೆ ಹುಲ್ಲಿಗೆ ಬೇಕಾದ ಸಾರಜನಕದ ಕಾಲುಭಾಗದಷ್ಟು ಮಣ್ಣಿಗೆ ಮರಳುತ್ತದೆ. ಗೊಬ್ಬರದ ವೆಚ್ಚವೂ, ಚೂರುಗಳನ್ನು ಚೀಲಕ್ಕೆ ತುಂಬುವ ಕೂಲಿಯೂ ಉಳಿತಾಯ.

ಮಣ್ಣು ಪರೀಕ್ಷೆಗೆ, ಕೀಟರೋಗದ ಸಲಹೆಗೆ ಹಣ ತೆರಬೇಕಾದ ಅಗತ್ಯವೂ ಕಡಿಮೆ. 1914ರ ಸ್ಮಿತ್-ಲೀವರ್ ಕಾಯ್ದೆಯಡಿ ಪ್ರತಿ ರಾಜ್ಯದ ಕೃಷಿ ವಿಶ್ವವಿದ್ಯಾನಿಲಯವೂ ಜಿಲ್ಲಾವಾರು ವಿಸ್ತರಣಾ ಕಚೇರಿಗಳ ಮೂಲಕ ಜನರಿಗೆ ಸಲಹೆ ನೀಡುತ್ತದೆ. ಸಲಹೆ ಬಹುತೇಕ ಉಚಿತ, ಮಣ್ಣು ಪರೀಕ್ಷೆಗೆ ಅಲ್ಪ ಶುಲ್ಕ. ಈ ವ್ಯವಸ್ಥೆ ಕನ್ನಡಿಗರಿಗೆ ಅಪರಿಚಿತವಲ್ಲ. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ರೂಪುಗೊಂಡದ್ದು ಇದೇ ಮಾದರಿಯಲ್ಲಿ. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾನಿಲಯ ಅದಕ್ಕೆ ಆರಂಭದಲ್ಲಿ ನೆರವು ನೀಡಿತ್ತು.

ಹುಲ್ಲನ್ನೇ ತೆಗೆದುಹಾಕಿದರೆ?

ಅಂಗಳದಲ್ಲಿ ಹುಲ್ಲೇ ಏಕಿರಬೇಕು ಎಂಬ ಪ್ರಶ್ನೆಗೆ ನೀರಿನ ಕೊರತೆ ಉತ್ತರ ಹೇಳತೊಡಗಿದೆ. ಅಮೆರಿಕದ ಮನೆಗಳಲ್ಲಿ ಬಳಕೆಯಾಗುವ ನೀರಿನ ಸುಮಾರು ಶೇ. 30 ಮನೆಯ ಹೊರಗೆ ಸುರಿಯುತ್ತದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಬರಗಾಲದಲ್ಲಿ, 2014ರ ಜುಲೈನಲ್ಲಿ, ಒಂದು ವಿಚಿತ್ರ ಪ್ರಸಂಗ ನಡೆಯಿತು. ನೀರು ಪೋಲು ಮಾಡಿದರೆ 500 ಡಾಲರ್‌ವರೆಗೆ ದಂಡ ಎಂದು ರಾಜ್ಯ ಘೋಷಿಸಿದ ಹೊತ್ತಿನಲ್ಲಿಯೇ, ಗ್ಲೆಂಡೋರಾ ಎಂಬ ಊರಿನ ದಂಪತಿಗೆ ಹುಲ್ಲು ಒಣಗಿದೆಯೆಂದು ದಂಡದ ಎಚ್ಚರಿಕೆ ತಲುಪಿತು. ನೀರು ಹಾಕಿದರೆ ಒಂದು ದಂಡ, ಹಾಕದಿದ್ದರೆ ಇನ್ನೊಂದು! ಬರದ ಅವಧಿಯಲ್ಲಿ ಒಣಗಿದ ಹುಲ್ಲಿಗೆ ನಗರಾಡಳಿತಗಳು ದಂಡ ವಿಧಿಸಕೂಡದೆಂದು 2015ರಲ್ಲಿ ರಾಜ್ಯವು ಕಾನೂನು ಮಾಡಬೇಕಾಯಿತು.

ನೆವಾಡಾ ರಾಜ್ಯ ಇನ್ನೂ ಮುಂದೆ ಹೋಯಿತು. ಲಾಸ್ ವೇಗಸ್ ಪ್ರದೇಶದ ಜಲ ಪ್ರಾಧಿಕಾರವು ಹುಲ್ಲನ್ನು ಕಿತ್ತು ಮರುಭೂಮಿಯ ಗಿಡಗಳನ್ನು ನೆಟ್ಟವರಿಗೆ ಚದರಡಿಯ ಲೆಕ್ಕದಲ್ಲಿ ಹಣ ನೀಡುವ ಯೋಜನೆಯನ್ನು ದಶಕಗಳಿಂದ ನಡೆಸುತ್ತಿದೆ. 2021ರ ಶಾಸನವು ಬರೀ ಅಂದಕ್ಕೆಂದು ಬೆಳೆಸಿದ ಹುಲ್ಲಿಗೆ ಕೊಲರಾಡೊ ನದಿಯ ನೀರನ್ನು ಬಳಸುವುದನ್ನು ನಿಲ್ಲಿಸಲು 2026ರ ಅಂತ್ಯದ ಗಡುವು ವಿಧಿಸಿತು. ಕಚೇರಿ, ವಾಣಿಜ್ಯ ಸ್ಥಳ ಹಾಗೂ ವಸತಿ ಸಂಘಗಳ ಸಾಮಾನ್ಯ ಜಾಗಗಳಿಗೆ ಇದು ಅನ್ವಯ. ಒಂಟಿ ಮನೆಗಳಿಗೆ ವಿನಾಯಿತಿ. ಮಿನಸೋಟ ರಾಜ್ಯವು 2019ರಿಂದ ಹುಲ್ಲಿನ ಬದಲು ಜೇನ್ನೊಣಗಳಿಗೆ ಆಸರೆಯಾಗುವ ಸ್ಥಳೀಯ ಹೂಗಿಡಗಳನ್ನು ಬೆಳೆಸುವವರಿಗೆ ವೆಚ್ಚದ ಒಂದು ಭಾಗವನ್ನು ಮರಳಿಸುತ್ತಿದೆ. ಇಂಥ ಬದಲಾವಣೆಗೆ ಮನೆಮಾಲೀಕರ ಸಂಘಗಳು ಅಡ್ಡಿಯಾಗದಂತೆ ಟೆಕ್ಸಾಸ್ 2013ರಲ್ಲಿ, ಮೇರಿಲ್ಯಾಂಡ್ 2021ರಲ್ಲಿ ಕಾನೂನು ರೂಪಿಸಿದವು.

ಕೇಳಲು ಚೆಂದವಾದ ಈ ಯೋಜನೆಗಳಲ್ಲಿ ಒಂದು ತೊಡಕಿದೆ. ಮೊದಲು ಕೈಯಿಂದ ಖರ್ಚು, ಆಮೇಲೆ ಮರುಪಾವತಿ. ಕೈಯಲ್ಲಿ ಕಾಸಿಲ್ಲದ ಪಿಂಚಣಿದಾರನಿಗೆ ಮೊದಲ ಮೆಟ್ಟಿಲೇ ಎತ್ತರ. ಅನುಮತಿಗೆ ಮುನ್ನವೇ ಹುಲ್ಲು ಕಿತ್ತವರಿಗೆ ಸಾಮಾನ್ಯವಾಗಿ ಹಣ ದೊರೆಯದು ಎಂಬ ನಿಯಮ ಅರಿಯದೆ ಕೈಸುಟ್ಟುಕೊಳ್ಳುವ ಸಾಧ್ಯತೆಯೂ ಇದೆ. ಅನುಕೂಲಸ್ಥರು ಸರ್ಕಾರದ ಹಣದಲ್ಲಿ ಹುಲ್ಲಿನ ಜಂಜಾಟದಿಂದ ಪಾರಾಗುತ್ತಾರೆ. ಅಶಕ್ತರು ಹುಲ್ಲಿನೊಡನೆಯೇ ಉಳಿಯುತ್ತಾರೆ. ಮರುಪಾವತಿಯ ಬದಲು ನೇರ ಕಾಮಗಾರಿಯ ರೂಪದಲ್ಲಿ ನೆರವು ದೊರೆತರೆ ಮಾತ್ರ ಇದು ಬಡವರ ಯೋಜನೆಯಾದೀತು.

ನೋಟಿಸ್ ಬಂದಾಗ

ನೋಟಿಸ್ ಕೈಸೇರಿದ ಮೇಲೆ ಮೌನವೇ ದೊಡ್ಡ ಶತ್ರು. ಅದರಲ್ಲಿ ನಮೂದಾದ ಗಡುವಿನೊಳಗೆ ಕಚೇರಿಗೆ ಕರೆ ಮಾಡಿ, ಅನಾರೋಗ್ಯ ಅಥವಾ ಮುಪ್ಪಿನ ಕಾರಣ ತಿಳಿಸಿ ಕಾಲಾವಕಾಶ ಕೋರಬೇಕು. ಬಾಯಿಮಾತಿನ ಜತೆಗೆ ಪತ್ರವನ್ನೂ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು. ವಿಚಾರಣೆಯ ದಿನ ನಿಗದಿಯಾಗಿದ್ದರೆ ತಪ್ಪದೆ ಹಾಜರಾಗಬೇಕು. ಹಲವು ನಗರಗಳು ಹುಲ್ಲು ಕತ್ತರಿಸಿದ ಬಳಿಕ ದಂಡವನ್ನು ತಗ್ಗಿಸುವ ಅಧಿಕಾರವನ್ನು ತಮ್ಮ ಮಂಡಳಿಗಳಿಗೆ ನೀಡಿವೆ. ಕಡಿಮೆ ಆದಾಯದವರಿಗೆ ಸರ್ಕಾರಿ ನೆರವಿನ ಕಾನೂನು ಸಹಾಯ ಕೇಂದ್ರಗಳೂ ಇವೆ. ವಿಪರೀತ ದಂಡದ ವಿರುದ್ಧದ ಸಾಂವಿಧಾನಿಕ ರಕ್ಷಣೆ ರಾಜ್ಯಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಅನ್ವಯವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಇಂಡಿಯಾನಾ ರಾಜ್ಯದ ಪ್ರಕರಣವೊಂದರಲ್ಲಿ ಒಮ್ಮತದಿಂದ ಸಾರಿತು. ಆದರೆ ಎಷ್ಟಾದರೆ ವಿಪರೀತ ಎಂಬುದನ್ನು ಅದು ಗೆರೆ ಹಾಕಿ ಹೇಳಲಿಲ್ಲ. ಆ ರಕ್ಷಣೆ ಹುಲ್ಲಿನ ದಂಡದ ಮುಂದೆ ಎಷ್ಟು ದುರ್ಬಲವಾದೀತೆಂಬುದಕ್ಕೆ ಮೂರು ವರ್ಷಗಳ ನಂತರ ಬಂದ ಡನೀಡಿನ್ ತೀರ್ಪೇ ಸಾಕ್ಷಿ. ನ್ಯಾಯಾಲಯವನ್ನು ನಂಬಿ ಕೂರುವುದಕ್ಕಿಂತ ಮೊದಲ ನೋಟಿಸಿಗೇ ಉತ್ತರಿಸುವುದು ಕ್ಷೇಮ.

ನಮಗೇನು ಪಾಠ?

ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳ ಬಡಾವಣೆಗಳಲ್ಲಿ ಮನೆ ಮಾಡಿರುವ ಕನ್ನಡಿಗರು ಈ ಕಟ್ಟಳೆಗಳನ್ನು ಬಲ್ಲರು. ಮೊದಲ ತಲೆಮಾರಿನ ವಲಸಿಗರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ, ಹಲವರು ದಾಟಿಯೂ ಆಗಿದೆ. ಮಕ್ಕಳು ಬೇರೆ ರಾಜ್ಯಗಳಲ್ಲಿ ನೆಲೆಸಿದ ಮೇಲೆ ದೊಡ್ಡ ಮನೆ, ದೊಡ್ಡ ಅಂಗಳ ಅವರಿಗೂ ಹೊರೆಯಾಗತೊಡಗುತ್ತದೆ. ರಾಜ್ಯೋತ್ಸವ, ಯುಗಾದಿಗಳ ಸಂಭ್ರಮಕ್ಕೆ ಒಗ್ಗೂಡುವ ಕನ್ನಡ ಕೂಟಗಳು ತಮ್ಮ ಹಿರಿಯ ಸದಸ್ಯರ ಅಂಗಳದ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ, ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡದ ಜತೆಗೆ ಸೇವೆಯ ಪಾಠವೂ ಆದೀತು.

ಇತ್ತ ನಮ್ಮ ನಗರಗಳಲ್ಲಿಯೂ ಕಾಂಪೌಂಡಿನೊಳಗಿನ ಹೊಸ ಬಡಾವಣೆಗಳು ಅದೇ ಹಸುರು ಹಾಸಿನ ಕನಸನ್ನು ಮಾರುತ್ತಿವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಬೇಕಾಗಿ ಬಂದದ್ದು ಇನ್ನೂ ಹಳೆಯ ಸುದ್ದಿಯಲ್ಲ. ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದು ನಿಂತ ಊರಿನಲ್ಲಿ ಹುಲ್ಲುಹಾಸನ್ನು ಪ್ರತಿಷ್ಠೆಯ ಕುರುಹಾಗಿಸುವ ಮುನ್ನ, ಅದು ಕಟ್ಟಳೆಯಾಗಿ ಬೆಳೆದ ನಾಡಿನಲ್ಲಿ ಏನಾಗಿದೆ ಎಂಬುದನ್ನು ನೋಡುವುದು ಒಳಿತು. ಅಲಂಕಾರ ಬೇಕೆನ್ನುವ ಬಹುಮತ ತನ್ನ ಇಚ್ಛೆಯನ್ನು ನಿಯಮವಾಗಿಸಿಕೊಳ್ಳಲು ತಡವಾಗುವುದಿಲ್ಲ. ನಿರ್ವಹಣಾ ಶುಲ್ಕದ ರೂಪದಲ್ಲಿ ಅದರ ಬಿಲ್ಲು ಮಾತ್ರ ಎಲ್ಲರ ಮನೆಗೂ ಬರುತ್ತದೆ.

ಅಮೆರಿಕದ ನಗರಾಡಳಿತಗಳು ಮಾಡಬೇಕಾದ ಕೆಲಸ ಕಠಿಣವೇನಲ್ಲ. ದಂಡದ ನೋಟಿಸಿನ ಜತೆಯಲ್ಲಿಯೇ ನೆರವಿನ ಅರ್ಜಿಯನ್ನೂ ಲಗತ್ತಿಸಬಹುದು. ವೃದ್ಧರು, ಅಂಗವಿಕಲರು ವಾಸಿಸುವ ಮನೆಗಳಲ್ಲಿ ದಿನದಂಡ ಆರಂಭವಾಗುವ ಮುನ್ನ ಅಧಿಕಾರಿಯೊಬ್ಬರು ಖುದ್ದಾಗಿ ಬಾಗಿಲು ತಟ್ಟಬೇಕೆಂದು ನಿಯಮ ಮಾಡಬಹುದು. ಕತ್ತರಿಸಿದ ಕೂಲಿಗಿಂತ ಹೆಚ್ಚಿನ ಮೊತ್ತವನ್ನು ಮನೆಯ ಮೇಲೆ ಹೇರುವಂತಿಲ್ಲ ಎಂದು ಶಾಸನಸಭೆಗಳು ಮಿತಿ ವಿಧಿಸಬಹುದು. ಮಕ್ಕಳ ಸೇವಾಮನೋಭಾವ ಮೆಚ್ಚತಕ್ಕದ್ದೇ. ಆದರೆ ಕಾನೂನು ಸೃಷ್ಟಿಸಿದ ಹೊರೆಯನ್ನು ದಾನಧರ್ಮದ ಹೆಗಲಿಗೆ ವರ್ಗಾಯಿಸಿ ಸರ್ಕಾರ ಕೈತೊಳೆದುಕೊಳ್ಳುವುದು ಸಲ್ಲದು. ಹುಲ್ಲಿನ ಎತ್ತರವನ್ನು ಅಂಗುಲದ ಲೆಕ್ಕದಲ್ಲಿ ಅಳೆಯಬಲ್ಲ ಆಡಳಿತಕ್ಕೆ, ಆ ಮನೆಯೊಳಗಿರುವವರ ಸಂಕಷ್ಟದ ಆಳವನ್ನು ಅಳೆಯುವುದೂ ಅಸಾಧ್ಯವಾಗಬಾರದು.